ಕರಿಯಣ್ಣನ ವಾಲ್ವ್ ಸೆಟ್

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬೈಗುಳ "ಸ್ವರ ಒಡೆಯಿತು" ಎನ್ನುವುದು. ಕುಡಿದು ಬಂದವನನ್ನು ಅಪ್ಪಯ್ಯ ಕ್ಷಮಿಸುತ್ತಿದ್ದರು, ಸುಳ್ಳು ಹೇಳಿದವನನ್ನೂ ಹೋಗಲಿ ಎಂದು ಬಿಡುತ್ತಿದ್ದರು. ಆದರೆ ಒಬ್ಬ ಮೈಕ್‌ನವನ ಹೆಸರು ಹೇಳಿ "ಅವನ ಸೆಟ್ಟಿನಲ್ಲಿ ಸ್ವರ ಒಡೆಯುತ್ತದೆ" ಎಂದರೆಂದರೆ ಆ ಮನುಷ್ಯನ ಲೆಕ್ಕ ಅಲ್ಲಿಗೆ ಚುಕ್ತಾ. ಆಮೇಲೆ ಅವನು ಎದುರು ಸಿಕ್ಕರೂ ಅಪ್ಪಯ್ಯ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದರು.

ಅಪ್ಪಯ್ಯ ಎಂದರೆ ಕಿರಿಮಂಜೇಶ್ವರದ ಕರಿಯಣ್ಣ. ಹುಟ್ಟಿದ್ದು ಬಲೆ ಬೀಸುವವರ ಮನೆಯಲ್ಲಿ, ಆದರೆ ದೋಣಿ ಹತ್ತಿದರೆ ವಾಂತಿ. ಮೂರು ಸಲ ಹೋಗಿ ಮೂರು ಸಲವೂ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟು ಬಂದ ಮೇಲೆ ಅಜ್ಜ ಅವರನ್ನು ಕುಂದಾಪುರದ ಒಬ್ಬ ಮೈಕ್ ಸೆಟ್ಟಿನವರ ಹತ್ತಿರ ಕೆಲಸಕ್ಕೆ ಬಿಟ್ಟರು. ಐದು ವರ್ಷ ಕಳೆಯುವಾಗ ಸ್ವಂತ ಸೆಟ್ ಆಯಿತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಕ್ಷಗಾನದ ಆಟ ಇರಲಿ, ಮದುವೆ ಇರಲಿ, ಚುನಾವಣೆಯ ಭಾಷಣ ಇರಲಿ, ಕರಿಯಣ್ಣನ ಸೆಟ್ ಬಂದಿದೆ ಎಂದರೆ ಜನ ಮುಂದೆ ಕೂರಲು ಜಗಳ ಮಾಡುತ್ತಿರಲಿಲ್ಲ. ಭಾಗವತರು ಎಷ್ಟೇ ಏರು ಸ್ವರಕ್ಕೆ ಹೋದರೂ ಗದ್ದೆಯ ಕೊನೆಯಲ್ಲಿ ಕೂತ ಮುದುಕನಿಗೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆ ಹೆಸರಿನ ಮೇಲೆಯೇ ಅಪ್ಪಯ್ಯ ನಲವತ್ತು ವರ್ಷ ಬದುಕಿದರು. ದೊಡ್ಡ ದೊಡ್ಡ ಕಪ್ಪು ಸ್ಪೀಕರ್ ಪೆಟ್ಟಿಗೆಗಳನ್ನು ಕಂಬಕ್ಕೆ ತೂಗು ಹಾಕುವ ಕಾಲ ಬಂದಾಗ ಸೆಟ್ಟನ್ನು ಅಟ್ಟಕ್ಕೆ ಏರಿಸಿ, ಹೆಸರನ್ನು ಮಾತ್ರ ಕೆಳಗೆ ಇಟ್ಟುಕೊಂಡರು.

ನಾನು ಮೋಕ್ಷಿತಾ, ಅವರ ಒಬ್ಬಳೇ ಮಗಳು. ನನ್ನ ಪ್ರೀತಿಯೆಲ್ಲ ಒಡೆದ ಸ್ವರದ ಮೇಲೆ.

ಇದು ಹತ್ತಿದ್ದು ಮುಂಬಯಿಯಲ್ಲಿ. ಅಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ದಾದರಿನ ಹತ್ತಿರ ಒಂದು ಗಿಟಾರ್ ರಿಪೇರಿ ಅಂಗಡಿಯಲ್ಲಿ ನಾಲ್ಕು ವರ್ಷ ದುಡಿದೆ. ಮೊದಲು ಬಂದ ಗಿಟಾರಿಗೆ ಚೀಟಿ ಕಟ್ಟುವ ಕೆಲಸ, ಆಮೇಲೆ ತಂತಿ ಬದಲಿಸುವುದು, ಆಮೇಲೆ ಬಾರಿಸಿ ನೋಡುವುದು. ಅಂಗಡಿಯ ಯಜಮಾನರು ಇಡೀ ದಿನ ಸೋಲ್ ಹಾಡು ಹಾಕಿಡುತ್ತಿದ್ದರು. ಅರವತ್ತು ವರ್ಷದ ಹಿಂದೆ ಅಮೆರಿಕದ ಕಪ್ಪು ಜನ ಹಾಡಿದ್ದು. ಚರ್ಚಿನಲ್ಲಿ ದೇವರನ್ನು ಕೂಗಿ ಕೂಗಿ ಪಳಗಿದ ಗಂಟಲು, ಹೊರಗೆ ಬಂದು ಅದೇ ಗಂಟಲಿನಲ್ಲಿ ಬಿಟ್ಟುಹೋದ ಗಂಡನನ್ನು ಕೂಗಿದೆ, ಮರ್ಯಾದೆ ಕೊಡದ ಊರನ್ನು ಕೂಗಿದೆ. ಮೆಲ್ಲಗೆ ಶುರುವಾಗಿ, ಇನ್ನು ತಡೆಯಲಾಗದು ಎನ್ನುವಲ್ಲಿ ಆ ಹೆಂಗಸರ ಸ್ವರ ಬಿರಿಯುತ್ತದೆ. ನನಗೆ ಆ ಬಿರಿಯುವ ಜಾಗ ಕೇಳಿದಾಗಲೆಲ್ಲ ನಮ್ಮ ಅಮ್ಮ ಜಲಜ ಬೈಂದೂರು ಪೇಟೆಯಲ್ಲಿ ಮೀನಿನ ಬುಟ್ಟಿ ಇಟ್ಟು ಕೂಗುವುದು ನೆನಪಾಗಿ ಅಳು ಬರುತ್ತಿತ್ತು. ಅಂಗಡಿಯಲ್ಲಿ ಕೂತು ಅತ್ತಿದ್ದೇನೆ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಅಮ್ಮನಿಗೆ ಮಂಡಿ ನೋವು ಜೋರಾದಾಗ ಊರಿಗೆ ಬಂದೆ. ಬರುವಾಗ ಕತ್ತು ಮುರಿದು ಬಂದು ಯಾರೂ ವಾಪಸ್ ಒಯ್ಯದ ಒಂದು ಎಲೆಕ್ಟ್ರಿಕ್ ಗಿಟಾರನ್ನು ಯಜಮಾನರು ಕೊಟ್ಟು ಕಳಿಸಿದರು. ಕತ್ತನ್ನು ನಾನೇ ಅಂಟಿಸಿದ್ದೆ. ಈಗ ಬೆಳಿಗ್ಗೆ ಅಮ್ಮನ ಬದಲು ನಾನು ಸ್ಕೂಟಿಯಲ್ಲಿ ಮನೆಮನೆಗೆ ಮೀನು ಕೊಡುತ್ತೇನೆ, ಮಧ್ಯಾಹ್ನದ ಮೇಲೆ ಗಿಟಾರ್ ಬಾರಿಸುತ್ತೇನೆ. ಮೀನಿನ ಕೈಯಲ್ಲಿ ಗಿಟಾರ್ ಏನು ಎಂದು ಕೇಳಿದವರಿಗೆ, ಮೀನು ತಿನ್ನುವ ಬಾಯಲ್ಲಿ ಮಾತು ಏನು ಎಂದು ಕೇಳಿದ್ದೇನೆ.

ನಮ್ಮದು ಮೂರೇ ಜನರ ತಂಡ. ಡ್ರಮ್ಮಿಗೆ ಅನೂಪ್, ಗಂಗೊಳ್ಳಿ ಬಂದರಿನಿಂದ ಮೀನಿನ ಟೆಂಪೋ ಓಡಿಸುವವನು. ಬೇಸ್ ಗಿಟಾರಿಗೆ ಶೈಲೇಶ್, ಬ್ರಹ್ಮಾವರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟರು, ಮನೆ ಬಾರ್ಕೂರಿನಲ್ಲಿ. ಸೋಲ್ ಹಾಡಿನ ಮೂಲದಲ್ಲಿ ಹತ್ತು ಹದಿನೈದು ಜನ ಇರುತ್ತಾರೆ; ತುತ್ತೂರಿ, ಸ್ಯಾಕ್ಸೋಫೋನು, ಆರ್ಗನ್ನು, ಹಿಂದೆ ನಿಂತು ಹಾಡುವ ಮೂರು ಹೆಂಗಸರು. ಅಷ್ಟನ್ನೂ ನನ್ನ ಒಂದು ಗಿಟಾರ್ ತುಂಬಿಸಬೇಕು. ಹಾಗಾಗಿ ನಾವು ಅವನ್ನು ಬ್ಲೂಸ್-ರಾಕ್ ಮಾಡಿ ಬಾರಿಸುತ್ತೇವೆ, ಅಂದರೆ ಗಿಟಾರಿನ ನಾದ ದಪ್ಪಗೆ, ಅಂಚು ಹರಿದು ಬರಬೇಕು. ನನ್ನ ಹತ್ತಿರ ಇದ್ದದ್ದು ರೊಟ್ಟಿ ಡಬ್ಬದಷ್ಟು ಗಾತ್ರದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಆನ್‌ಲೈನಿನಲ್ಲಿ ನಾದ ಹರಿಯುವಂತೆ ಮಾಡುವ ಎರಡು ಪೆಡಲ್ ತರಿಸಿ ತುಳಿದೆ. ಡಬ್ಬದಲ್ಲಿ ಕಣಜ ಸಿಕ್ಕಿಬಿದ್ದ ಹಾಗೆ ಜುಯ್ ಅಂದಿತೇ ಹೊರತು ಎದೆಗೆ ತಾಗಲಿಲ್ಲ. ಮೆಲ್ಲಗೆ ಮೀಟಿದರೂ ಅಷ್ಟೇ, ಗುದ್ದಿದರೂ ಅಷ್ಟೇ. ಮನುಷ್ಯ ಎಷ್ಟು ಸಿಟ್ಟಿನಲ್ಲಿದ್ದಾನೆ ಎಂದು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಹೋದ ವರ್ಷ ಅಟ್ಟ ಗುಡಿಸುವಾಗ ಅಪ್ಪಯ್ಯನ ಹಳೆಯ ವಾಲ್ವ್ ಸೆಟ್, ಟ್ರಾನ್ಸಿಸ್ಟರಿಗೂ ಮೊದಲಿನ ಕಾಲದ ಆಂಪ್ಲಿಫೈಯರ್, ಸಿಕ್ಕಿತು. ಮರದ ಪೆಟ್ಟಿಗೆ, ಮುಂದೆ ನಾಲ್ಕು ತಿರುಗಣೆ, ಹಿಂದೆ ಕಬ್ಬಿಣದ ಜಾಲರಿ, ಅದರೊಳಗೆ ಮುಸುಂಬಿಯಷ್ಟು ದಪ್ಪದ ಗಾಜಿನ ವಾಲ್ವುಗಳು. ಕೆಳಗಿಳಿಸಿ ಒರೆಸಿದೆ. ಅಪ್ಪಯ್ಯನಿಗೂ ಹುರುಪು ಬಂತು. ಇದರ ಹೊಟ್ಟೆಯಲ್ಲಿ ನಾನೂರು ವೋಲ್ಟ್ ಇರುತ್ತದೆ, ಸ್ವಿಚ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತದೆ, ಮೊದಲು ಅದನ್ನು ಹೊರಗೆ ಬಿಡಬೇಕು ಎಂದೆಲ್ಲ ಕಲಿಸಿದರು. ಬೆಸುಗೆ ಹಾಕಲು ಕಲಿಸಿದರು. ಎರಡು ಹಳೆ ಸ್ಪೀಕರುಗಳನ್ನು ಒಂದು ಪೆಟ್ಟಿಗೆಗೆ ಕೂರಿಸಿ ಕೊಟ್ಟರು. ಮೈಕ್ ಚುಚ್ಚುವ ತೂತಿಗೆ ಗಿಟಾರ್ ಚುಚ್ಚಿ ಮೆಲ್ಲಗೆ ಮೀಟಿದೆ. ಗಂಟೆ ಬಡಿದ ಹಾಗೆ ಚೊಕ್ಕ ನಾದ. ಅಪ್ಪಯ್ಯ ತಲೆಯಾಡಿಸಿದರು. ಆಮೇಲೆ ಜೋರಾಗಿ ಹೊಡೆದೆ. ಸ್ವರ ಹರಿಯಿತು. ಹರಿದದ್ದು ಎಂದರೆ ಗಂಟಲು ಕಟ್ಟಿ ಬಿರಿದ ಹಾಗೆ, ಎಷ್ಟು ಹೊಡೆದೆನೋ ಅಷ್ಟೇ. ನಾನು ನಗುತ್ತಾ ಇದ್ದೆ, ಅಪ್ಪಯ್ಯ ಓಡಿ ಬಂದು ಸ್ವಿಚ್ ತೆಗೆದರು.

ಅವರ ಪ್ರಕಾರ ಅದು ಓವರ್‌ಲೋಡ್. ಗಿಟಾರ್ ಮೈಕಿಗಿಂತ ಜಾಸ್ತಿ ದೂಡುತ್ತದೆ, ಪಾಪ ಸೆಟ್ಟಿಗೆ ತಡೆಯಲಾಗುವುದಿಲ್ಲ. ನನ್ನ ಪ್ರಕಾರ ನಾನು ಮುಂಬಯಿಯಿಂದ ಕಿರಿಮಂಜೇಶ್ವರದವರೆಗೆ ಹುಡುಕಿದ್ದು ಅದನ್ನೇ. ಮೆಲ್ಲಗೆ ಹೇಳಿದರೆ ಮೆಲ್ಲಗೆ ಹೇಳುವ, ಸಿಟ್ಟು ಬಂದರೆ ನನ್ನ ಜೊತೆ ಸಿಟ್ಟಾಗುವ ಒಂದು ಯಂತ್ರ. ಮನೆಯಲ್ಲಿ ಬಾರಿಸು, ಜನರ ಮುಂದೆ ಮಾತ್ರ ಒಯ್ಯಬೇಡ ಎಂದರು ಅಪ್ಪಯ್ಯ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮುಂದಿನ ವಾರ ಅನೂಪನ ಟೆಂಪೋದಲ್ಲಿ ಸೆಟ್ಟನ್ನು ತಂಡದ ಅಭ್ಯಾಸಕ್ಕೆಂದು ಬಾರ್ಕೂರಿಗೆ ಸಾಗಿಸಿದೆ.

ಈ ವರ್ಷ ಆಸಾಡಿ ಅಮಾಸಿಯ, ಅಂದರೆ ಆಷಾಢ ಅಮಾವಾಸ್ಯೆಯ ಸಮಯಕ್ಕೆ ಕುಂದಾಪುರದ ಒಂದು ಭಾಷಾಭಿಮಾನಿ ಬಳಗದವರು ಕುಂದಾಪ್ರ ಕನ್ನಡದ ಕಾರ್ಯಕ್ರಮ ಇಟ್ಟುಕೊಂಡರು. ಆದಿತ್ಯವಾರ ಸಂಜೆ ನಾಲ್ಕಕ್ಕೆ, ಸಭಾಭವನದಲ್ಲಿ. ನಮಗೂ ಒಂದು ಹಾಡಿಗೆ ಜಾಗ ಸಿಕ್ಕಿತು. ಬೇರೆಯವರ ಹಾಡು ಎಷ್ಟು ದಿನ, ಸೋಲ್ ಧಾಟಿಯಲ್ಲಿ ನಮ್ಮದೇ ಮಾತು ಇರಲಿ ಎಂದು ನಾನೇ ಹಾಡು ಕಟ್ಟಿದೆ. ಹೇಳದೆ ಪರವೂರಿಗೆ ಹೋಗಿ ಹತ್ತು ವರ್ಷ ಕಳೆದು ಬಾಗಿಲಿಗೆ ಬಂದು ನಿಂತವನಿಗೆ ಒಬ್ಬ ಹೆಂಗಸು ಹೇಳುವ ಮಾತು. ಅದರ ಪಲ್ಲವಿ ಹೀಗೆ:

"ಹೋಪತಿಗೆ ಹೇಳ್ದೆ ಹೋದೆ,
ಬಪ್ಪತಿಗೆ ಕೇಂಡ್ಕಂಡ್ ಬಾ."

ಹೋಗುವಾಗ ಹೇಳದೆ ಹೋದೆ, ಬರುವಾಗ ಕೇಳಿಕೊಂಡು ಬಾ ಎಂದು. ಮೊದಲ ಸಲ ಹಾಡುವಾಗ ಮೆಲ್ಲಗೆ, ನಾಲ್ಕನೆಯ ಸಲಕ್ಕೆ ಬರುವಾಗ ಗಿಟಾರೂ ನಾನೂ ಒಟ್ಟಿಗೆ ಹರಿಯಬೇಕು. ಹಾಡು ನಿಂತದ್ದೇ ಆ ಜಾಗದ ಮೇಲೆ. ಅಲ್ಲಿ ಸ್ವರ ಚೊಕ್ಕವಾಗಿ ಬಂದರೆ ಆ ಹೆಂಗಸು ಅವನಿಗೆ ಕಾಫಿ ಮಾಡಿಕೊಟ್ಟಳು ಅಂತ ಅರ್ಥ.

ಬಳಗದ ಅಧ್ಯಕ್ಷರು ರಾಜೇಂದ್ರಣ್ಣ. ಮುಂಬಯಿಯಲ್ಲಿ ಹೋಟೆಲು ನಡೆಸಿ ಈಗ ಊರಲ್ಲಿ ಕೂತವರು. ಕೆಟ್ಟವರಲ್ಲ, ಎಲ್ಲವೂ ಅಚ್ಚುಕಟ್ಟಾಗಿರಬೇಕು ಅಷ್ಟೆ. ಗುರುವಾರ ಸಂಜೆ ನಮ್ಮ ಅಭ್ಯಾಸ ನೋಡಲು ಬಾರ್ಕೂರಿಗೆ ಬಂದರು. ಶೈಲೇಶನ ಮನೆಯ ಹಳೇ ಭತ್ತದ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಮೂರನೆಯ ಸಲದವರೆಗೂ ಕಾಲಲ್ಲಿ ತಾಳ ಹಾಕುತ್ತಿದ್ದರು. ನಾಲ್ಕನೆಯದಕ್ಕೆ ಕಾಲು ನಿಂತಿತು. ಹಾಡು ಮುಗಿದ ಮೇಲೆ ಸೆಟ್ಟಿನ ಹತ್ತಿರ ಬಗ್ಗಿ ನೋಡಿದರು.

"ಸೆಟ್ ಹಾಳಾಯಿತ್ತಲೆ ಹೆಣೆ. ಕರಿಯಣ್ಣನ್ ಮಗ್ಳ್ ಹಾಳ್ ಸೆಟ್ ಹಿಡ್ಕಂಡ್ ಬಪ್ಪುದಾ?"

ಹಾಳಾದ್ದಲ್ಲ, ಹೀಗೇ ಬೇಕು ಎಂದು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ತಾವು ಚಿಕ್ಕವರಿದ್ದಾಗ ಕರಿಯಣ್ಣನ ಸೆಟ್ಟಿನಲ್ಲಿ ಆಟ ಕೇಳಿದ್ದನ್ನು ಹೇಳಿದರು, ಆ ಹೆಸರು ಉಳಿಯಬೇಕಲ್ಲ ಎಂದರು. ಒಂದೋ ಸೆಟ್ ರಿಪೇರಿ ಮಾಡಿಸಿಕೊಂಡು ಬಾ, ಇಲ್ಲವೋ ಇದನ್ನೆಲ್ಲ ಬಿಟ್ಟು ಮೊದಲೇ ರೆಕಾರ್ಡಾದ ಟ್ರ್ಯಾಕ್ ಹಾಕಿಕೊಂಡು ಒಂದು ಚಂದದ ಹಾಡು ಹಾಡು ಎಂದರು. ನಾನು ಎರಡೂ ಆಗುವುದಿಲ್ಲ ಎಂದೆ. ಶೈಲೇಶ್ ಚಾ ತರುತ್ತೇನೆ ಎಂದು ಒಳಗೆ ಹೋದವನು ಅವರು ಹೋಗುವವರೆಗೆ ಹೊರಗೆ ಬರಲಿಲ್ಲ. ರಾಜೇಂದ್ರಣ್ಣ ಕಾರು ಹತ್ತುವ ಮೊದಲು ಅಪ್ಪಯ್ಯನಿಗೆ ಫೋನ್ ಮಾಡಿದ್ದು ನನಗೆ ಆಮೇಲೆ ಗೊತ್ತಾಯಿತು.

ಒಬ್ಬಳೇ ಇನ್ನೊಮ್ಮೆ ಬಾರಿಸಿ ನೋಡಲೆಂದು ಅಂದೇ ಸೆಟ್ಟನ್ನು ಮನೆಗೆ ತಂದೆವು. ಶುಕ್ರವಾರ, ಶನಿವಾರ ನನಗೆ ಪುರಸೊತ್ತಿಲ್ಲ. ಮಳೆಗಾಲಕ್ಕೆ ದೊಡ್ಡ ಬೋಟುಗಳೆಲ್ಲ ದಡಕ್ಕೆ ಬಿದ್ದಿದ್ದವು. ನಾಡದೋಣಿಯವರು ತಂದ ನಾಲ್ಕು ಬುಟ್ಟಿ ಮೀನಿಗೆ ನಲವತ್ತು ಜನ. ಅದು ಸಿಗದಿದ್ದರೆ ಒಣಮೀನು ಹಿಡಿದು ಬಿಜೂರಿನ ಕಡೆ ಸುತ್ತಬೇಕು. ಎರಡೂ ದಿನ ಮಳೆಯಲ್ಲಿ ನೆನೆದು ಮನೆಗೆ ಬಂದು ಉಂಡು ಮಲಗಿದೆ. ಅಪ್ಪಯ್ಯನ ಬೆರಳಿಗೆ ಸುಟ್ಟ ಗಾಯ ಇತ್ತು. ಕೇಳಿದ್ದಕ್ಕೆ ಒಲೆ ತಾಗಿತು ಎಂದರು.

ಆದಿತ್ಯವಾರ ಬೆಳಿಗ್ಗೆ ಒಂಬತ್ತಕ್ಕೆ ಸೆಟ್ ಹಾಕಿ ಗಿಟಾರ್ ಚುಚ್ಚಿದೆ. ಮೆಲ್ಲಗೆ ಮೀಟಿದೆ, ಚೊಕ್ಕ. ಹೊಡೆದೆ, ಚೊಕ್ಕ. ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿ ಆರೂ ತಂತಿಗೆ ಗುದ್ದಿದೆ. ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ ಬಂದ ಹಾಗೆ ಬಂತು. ಜೋರು ಇತ್ತು, ಸಿಟ್ಟು ಇರಲಿಲ್ಲ. ಜಾಲರಿಯೊಳಗೆ ಬಗ್ಗಿ ನೋಡಿದರೆ ಎರಡು ದೊಡ್ಡ ವಾಲ್ವುಗಳು ಹೊಚ್ಚ ಹೊಸತು.

ಅಪ್ಪಯ್ಯ ಬಾಗಿಲ ಹತ್ತಿರ ನಿಂತಿದ್ದರು. ಮುಖದಲ್ಲಿ ಖುಷಿ. ಹೇಗಿದೆ ಎಂದು ಕೇಳಲಿಲ್ಲ, ನಾನೇ ಹೇಳುತ್ತೇನೆ ಎಂದು ಕಾಯುತ್ತಿದ್ದರು. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಒಂದೊಂದಾಗಿ ಹೇಳಿದರು. ಎರಡು ದಿನ ಕೂತು ಸೆಟ್ಟನ್ನು ಬಿಚ್ಚಿದ್ದರು. ಗಿಟಾರ್ ಜಾಸ್ತಿ ದೂಡದ ಹಾಗೆ ಒಳಗೆ ಬರುವಲ್ಲೇ ಒಂದು ರೆಸಿಸ್ಟರ್ ಹಾಕಿ ಕಟ್ಟಿ ನಿಲ್ಲಿಸಿದ್ದರು. ವಾಲ್ವುಗಳು ಸೋತಿವೆ ಎಂದು, ತಮ್ಮ ಹತ್ತಿರ ಉಳಿದಿದ್ದ ಕೊನೆಯ ಜೋಡಿಯನ್ನು ಹಾಕಿದ್ದರು. ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ ಇಪ್ಪತ್ತು ವರ್ಷ ಕಪಾಟಿನಲ್ಲಿಟ್ಟಿದ್ದ ಜೋಡಿ ಅದು. ಎಷ್ಟೋ ಜನ ಕೇಳಿದರೂ ಕೊಟ್ಟಿರಲಿಲ್ಲ. ನನ್ನ ಮಗಳ ಸೆಟ್ಟನ್ನು ಹಾಳು ಎಂದರಲ್ಲ, ಇನ್ನು ಹೇಳಲಿ ಎಂಬುದು ಅವರ ಲೆಕ್ಕ.

ಅದು ಗೊತ್ತಾಗಿ ನನಗೆ ಸಿಟ್ಟು ಕಡಿಮೆಯಾಗಬೇಕಿತ್ತು. ಆಗಲಿಲ್ಲ, ದುಪ್ಪಟ್ಟಾಯಿತು. ಕೆಡುಕು ಮಾಡಿದವರ ಹತ್ತಿರ ಜಗಳ ಮಾಡಬಹುದು, ಪ್ರೀತಿಯಿಂದ ಕುತ್ತಿಗೆ ಹಿಸುಕಿದವರ ಹತ್ತಿರ ಏನು ಮಾಡುವುದು.

"ಅಪ್ಪಯ್ಯಾ, ನೀವ್ ಸೆಟ್ ರಿಪೇರಿ ಮಾಡ್ದದ್ದಲ್ಲ. ನನ್ ಬಾಯಿ ಮುಚ್ಚಿದ್ದ್."

ಅವರ ಮುಖ ಇಳಿಯಿತು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಸಂಜೆ ನಾಲ್ಕಕ್ಕೆ ಹಾಡಬೇಕು, ಆ ರೆಸಿಸ್ಟರ್ ಈಗಲೇ ತೆಗೆಯಿರಿ ಎಂದೆ. ಅವರು ತೆಗೆಯುವುದಿಲ್ಲ ಎಂದರು.

"ನಿಂಗ್ ಬೇಕಾದ್ದ್ ಎಂತ ಹೆಣೆ, ಜನ ನೆಗಾಡುದಾ? ನಲ್ವತ್ ವರ್ಷ ಒಬ್ರ್ ಬಾಯಂಗೂ ಒಂದ್ ಮಾತ್ ಬರ್ಲಿಲ್ಲ. ಈಗ ನನ್ ಸೆಟ್ ಇಟ್ಕಂಡ್ ನೀನ್ ಊರ್ ಎದ್ರಿಗೆ ಸ್ವರ ಒಡೆಸ್ತ್ಯಾ?"

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಅಡುಗೆ ಕೋಣೆಯಿಂದ ಅಮ್ಮ ಬಂದರು. ಮಂಡಿ ನೋವಿಗೆ ಗೋಡೆ ಹಿಡಿದು ನಡೆಯುತ್ತಾರೆ, ಆದರೆ ಜಗಳಕ್ಕೆ ಬೇಗ ತಲುಪುತ್ತಾರೆ. ಅಮ್ಮನ ಸ್ವರ ಯಾರಾದರೂ ಹೊಸಬರು ಕೇಳಿದರೆ ಶೀತ ಆಗಿದೆಯಾ ಎಂದು ಕೇಳುತ್ತಾರೆ. ಶೀತ ಅಲ್ಲ, ಅದು ಹಾಗೇ.

"ಹ್ವಾಯ್, ನನ್ ಸ್ವರ ಒಡ್ದ್ ಮೂವತ್ ವರ್ಷ ಆಯ್ತ್. ಬೈಂದೂರ್ ಪೇಟಿಯಂಗೆ ಕೂಗಿ ಕೂಗಿ ಒಡ್ದದ್ದ್. ಅದೇ ಸ್ವರದಂಗೆ ಮೀನ್ ಮಾರಿ ಈ ಮನಿ ನಡ್ಸಿದ್ದೆ. ಅದ್ ನಿಮ್ಗ್ ನಾಚ್ಕಿ ಆಯ್ತಾ?"

ಉತ್ತರಕ್ಕೆ ಅಮ್ಮ ಕಾಯಲಿಲ್ಲ, ಒಲೆಯ ಮೇಲೆ ಸಾರು ಇದೆ ಎಂದು ಹೋದರು.

ನಾನು ಸ್ವಿಚ್ ತೆಗೆದು, ವಯರ್ ಕಿತ್ತು, ಸೆಟ್ಟನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಲು ಶುರು ಮಾಡಿದೆ. ಬೆಸುಗೆಯ ಸೋಲ್ಡರ್ ಕಡ್ಡಿ ಕಾಯಲು ಇಟ್ಟೆ. ಅಪ್ಪಯ್ಯ ಅಲ್ಲೇ ನಿಂತು ನೋಡುತ್ತಿದ್ದರು. ಕೈ ಹಿಡಿದು ತಡೆಯಬಹುದಿತ್ತು, ತಡೆಯಲಿಲ್ಲ. ಸಹಾಯವನ್ನೂ ಮಾಡಲಿಲ್ಲ. ತಗಡು ತೆಗೆದು ಒಳಗೆ ಕೈ ಹಾಕುವಾಗ ಮಾತ್ರ, ಒಂದು ಕೈ ಕಿಸೆಯಲ್ಲಿರಲಿ ಎಂದರು. ಎರಡೂ ಕೈ ಒಳಗಿದ್ದರೆ ಕರೆಂಟು ಎದೆಯ ಮೂಲಕ ದಾಟುತ್ತದೆ. ಹಳೇ ಮೈಕ್‌ನವರೆಲ್ಲ ಹಾಗೇ ಕೆಲಸ ಮಾಡುವುದು. ನನ್ನ ಚೂಡಿದಾರಕ್ಕೆ ಕಿಸೆ ಇರಲಿಲ್ಲ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲಿ ಮೊದಲು ಒಳಗುಳಿದ ಕರೆಂಟನ್ನು ಹೊರಗೆ ಬಿಟ್ಟು, ಆಮೇಲೆ ಆ ರೆಸಿಸ್ಟರನ್ನು ಕಿತ್ತೆ. ಅವರ ಬೆಸುಗೆ ಎಷ್ಟು ಚೊಕ್ಕ ಇತ್ತೆಂದರೆ ಕೀಳಲು ಹತ್ತು ನಿಮಿಷ ಬೇಕಾಯಿತು. ತಂತಿಯನ್ನು ಮೊದಲಿನ ಹಾಗೆ ಸೇರಿಸಿದೆ. ವಾಲ್ವುಗಳನ್ನು ಮುಟ್ಟಲಿಲ್ಲ.

ಸ್ವಿಚ್ ಹಾಕಿ ಹೊಡೆದಾಗ ನನಗೇ ಗಾಬರಿಯಾಯಿತು. ಹೊಸ ವಾಲ್ವಿನ ಕಸುವಿಗೆ ಸ್ವರ ಮೊದಲಿಗಿಂತ ತಡವಾಗಿ ಒಡೆಯಿತು, ಆದರೆ ಒಡೆದಾಗ ಮನೆಯ ಹಂಚು ಅಲುಗಿತು. ಮುಂಚೆ ಇದ್ದದ್ದು ಅಳು, ಈಗಿನದ್ದು ತಿರುಗಿ ಬಿದ್ದದ್ದು. ಅಪ್ಪಯ್ಯನ ಕಡೆ ನೋಡಿದೆ. ಅವರು ಕೊಡೆ ಹಿಡಿದು ಅಂಗಳ ದಾಟುತ್ತಿದ್ದರು. ಸಭಾಭವನಕ್ಕೆ ತಾನು ಬರುವುದಿಲ್ಲ ಎಂದು ಅಮ್ಮನ ಹತ್ತಿರ ಹೇಳಿ ಹೋದರಂತೆ.

ಮೂರು ಗಂಟೆಗೆ ಅನೂಪನ ಟೆಂಪೋ ಕುಂದಾಪುರ ಮುಟ್ಟಿತು. ಮಳೆ ಎಡೆಬಿಡದೆ ಹೊಡೆಯುತ್ತಿತ್ತು. ಸಭಾಭವನದ ಹೊರಗೆ ಚಪ್ಪಲಿ, ಒದ್ದೆ ಕೊಡೆ, ಒಳಗೆ ಪತ್ರೊಡೆಯ ವಾಸನೆ. ಬಾಡಿಗೆಯ ದೊಡ್ಡ ಸೆಟ್ ನಡೆಸುತ್ತಿದ್ದವರು ಸುಧೀರಣ್ಣ, ಹಿಂದೆ ಅಪ್ಪಯ್ಯನ ಕೈಕೆಳಗೆ ಕೆಲಸ ಕಲಿತವರು. ಹಳೇ ಸೆಟ್ಟನ್ನು ಗುರುತು ಹಿಡಿದು ಮುಟ್ಟಿ ನಮಸ್ಕಾರ ಮಾಡಿದರು. ನನ್ನ ಬಾಯಿಗೊಂದು ಮೈಕ್ ಇಟ್ಟರು. ಗಿಟಾರಿಗೆ ಅದರದ್ದೇ ಪೆಟ್ಟಿಗೆ ಸಾಕು ಎಂದೆ. ರಾಜೇಂದ್ರಣ್ಣ ಬಂದು ಎಲ್ಲ ಸರಿಯಾಯಿತಲ್ಲ, ಕರಿಯಣ್ಣ ರಿಪೇರಿ ಮಾಡಿದ್ದೇನೆ ಎಂದಿದ್ದಾರೆ ಎಂದರು. ಸರಿಯಾಗಿದೆ ಎಂದೆ. ಸುಳ್ಳು ಹೇಳಲಿಲ್ಲ.

ಭಾಷಣ ಆಯಿತು, ಒಬ್ಬರು ಶೋಭಾನೆ ಹಾಡಿದರು, ಇನ್ನೊಬ್ಬರು ಟ್ರ್ಯಾಕ್ ಹಾಕಿ ಹಾಡಿದರು. ನಮ್ಮನ್ನು ಕರೆಯುವಾಗ ನಾಲ್ಕೂ ಮುಕ್ಕಾಲು. ಗಿಟಾರ್ ಹೆಗಲಿಗೆ ಹಾಕಿಕೊಂಡು ನೋಡಿದರೆ ಕೊನೆಯ ಸಾಲಿನ ಗೋಡೆಯ ಹತ್ತಿರ ಅಪ್ಪಯ್ಯ ಕೂತಿದ್ದರು. ಅಂಗಿ ಇಡೀ ಒದ್ದೆ. ಬಸ್ಸಿನಲ್ಲಿ ಬಂದಿರಬೇಕು. ಸಭೆಯ ಅರ್ಧ ಜನ ಅವರನ್ನು ಬಲ್ಲವರು, ಬಂದು ಬಂದು ಮಾತಾಡಿಸಿ ಹೋಗುತ್ತಿದ್ದರು. ಅವರ ಹೆಸರನ್ನು ಅವರ ಕಣ್ಣೆದುರೇ ಒಡೆಯಬೇಕಲ್ಲ ಎಂದು ಒಂದು ಗಳಿಗೆ ಅನಿಸಿತು. ಮೆಲ್ಲಗೆ ಬಾರಿಸಿ ಮುಗಿಸಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನ್ನ ಹೊರತು.

ಶುರು ಮಾಡಿದೆ. ಮೊದಲ ಪಲ್ಲವಿಗೆ ಹೆಂಗಸರು ನಕ್ಕರು. ನಮ್ಮದೇ ಮಾತು, ಎಲ್ಲರ ಮನೆಯಲ್ಲೂ ಒಬ್ಬ ಹೇಳದೆ ಹೋದವನು ಇದ್ದಾನೆ. ಎರಡನೆಯದಕ್ಕೆ ಅನೂಪ್ ಡ್ರಮ್ ಹಿಡಿದ. ಮೂರನೆಯದಕ್ಕೆ ಶೈಲೇಶನ ಬೇಸ್ ನೆಲದಿಂದ ಕಾಲಿಗೆ ಹತ್ತಿತು. ಮುಂದಿನ ಸಾಲಿನ ಹಿರಿಯರು ತಲೆಯಾಡಿಸುತ್ತಾ ಹಿಂದೆ ತಿರುಗಿ ಅಪ್ಪಯ್ಯನಿಗೆ ಕೈ ಎತ್ತಿ ತೋರಿಸಿದರು. ನಾಲ್ಕನೆಯದಕ್ಕೆ ನಾನು ಯಾರ ಮುಖವನ್ನೂ ನೋಡದೆ ಹೊಡೆದೆ.

ಸ್ವರ ಒಡೆಯಿತು. ಗಿಟಾರಿನದ್ದೂ, ನನ್ನದೂ. ಆ ಹೆಂಗಸು ಬಾಗಿಲಲ್ಲಿ ನಿಂತು ಹತ್ತು ವರ್ಷದ್ದನ್ನು ಒಂದೇ ಉಸಿರಿಗೆ ಹೇಳಿದಳು. ಮುಂದಿನ ಸಾಲಿನಲ್ಲಿ ಒಬ್ಬರು ಕಿವಿ ಮುಚ್ಚಿಕೊಂಡರು. ಕೆಲವರು ಎದ್ದು ನಿಂತರು, ಖುಷಿಗೋ ಸಿಟ್ಟಿಗೋ ಗೊತ್ತಾಗಲಿಲ್ಲ. ಹಳಬರೆಲ್ಲ ಮತ್ತೆ ಹಿಂದೆ ತಿರುಗಿದರು, ಈಗ ಕೈ ಎತ್ತಲಿಲ್ಲ. ರಾಜೇಂದ್ರಣ್ಣ ಸುಧೀರಣ್ಣನಿಗೆ ಸನ್ನೆ ಮಾಡಿದ್ದು ಕಂಡಿತು. ನನ್ನ ಬಾಯಿಯ ಮೈಕ್ ಸತ್ತಿತು. ಗಿಟಾರ್ ಮಾತ್ರ ಅದರ ಪೆಟ್ಟಿಗೆಯಲ್ಲೇ ಗುಡುಗುತ್ತಿತ್ತು. ಬರೀ ಬಾಯಲ್ಲಿ ಹಾಡಿದೆ, ಡ್ರಮ್ಮಿನ ಎದುರು ಅದು ಎಲ್ಲಿಗೂ ಮುಟ್ಟಲಿಲ್ಲ.

ರಾಜೇಂದ್ರಣ್ಣ ಕೈಯಲ್ಲಿ ಮೈಕ್ ಹಿಡಿದು ವೇದಿಕೆ ಹತ್ತಿದರು. ಯಂತ್ರದಲ್ಲಿ ಸ್ವಲ್ಪ ತೊಂದರೆ ಇದೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ, ಕರಿಯಣ್ಣ ಇಲ್ಲೇ ಇದ್ದಾರೆ, ಅವರು ಬಂದು ನೋಡಬೇಕು ಎಂದು ಮರ್ಯಾದೆಯಿಂದಲೇ ಹೇಳಿದರು. ಅನೂಪ್ ನಿಲ್ಲಿಸಿದ. ಶೈಲೇಶ್ ನಿಲ್ಲಿಸಿದ. ನಾನು ತಂತಿಯ ಮೇಲೆ ಕೈ ಇಟ್ಟೆ.

ಅಪ್ಪಯ್ಯ ಎದ್ದರು. ಅಷ್ಟು ಜನರ ನಡುವೆ ನಿಧಾನವಾಗಿ ನಡೆದು ಬಂದು ಪಕ್ಕದ ಮೆಟ್ಟಿಲು ಹತ್ತಿದರು. ಬಂದು ಸ್ವಿಚ್ ತೆಗೆಯುತ್ತಾರೆ ಎಂದುಕೊಂಡೆ. ಅವರು ತೆಗೆದರೆ ನಾನು ಹಾಕುತ್ತೇನೆ, ಮತ್ತೆ ತೆಗೆದರೆ ಮತ್ತೆ ಹಾಕುತ್ತೇನೆ, ಊರಿಡೀ ನೋಡಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ನನ್ನನ್ನು ನೋಡಲಿಲ್ಲ. ಸೆಟ್ಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಜಾಲರಿಯೊಳಗೆ ಕೆಂಪಗೆ ಉರಿಯುತ್ತಿದ್ದ ತಮ್ಮ ವಾಲ್ವುಗಳನ್ನು ನೋಡಿದರು. ಮೇಲಿನ ಹಲಗೆಯ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು. ಆಮೇಲೆ ಎದ್ದು ನಿಂತರು.

ರಾಜೇಂದ್ರಣ್ಣ ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದು, ಹಾಳಾಗಿದೆ ಅಲ್ಲವಾ, ಆಫ್ ಮಾಡುವುದಾ ಎಂದು ಕೇಳಿದರು.

"ಹಾಳಾಯ್ಲ," ಎಂದರು ಅಪ್ಪಯ್ಯ. "ಒಡಿಕ್ ಅಂದೇಳಿಯೇ ಮಾಡ್ದದ್ದ್. ಮಾಡ್ದದ್ದ್ ನಾನೇ."

ಒಡೆಯಬೇಕೆಂದೇ ಮಾಡಿದ್ದು ಎಂಬ ಆ ಮಾತು ಕೊನೆಯ ಸಾಲಿನವರೆಗೂ ಕೇಳಿತು. ಸೆಟ್ಟಿನ ವಿಷಯದಲ್ಲಿ ಅಪ್ಪಯ್ಯ ಸುಳ್ಳು ಹೇಳಿದ್ದನ್ನು ನನ್ನ ಜೀವಮಾನದಲ್ಲಿ ಅದೇ ಮೊದಲು ಕೇಳಿದ್ದು. ಒಡೆಯಬಾರದು ಎಂದು ಎರಡು ದಿನ ಬೆರಳು ಸುಟ್ಟುಕೊಂಡವರು ಅವರು.

ರಾಜೇಂದ್ರಣ್ಣ ಮೈಕ್ ಕೆಳಗಿಳಿಸಿದರು. ಈಗ ಅವರ ದನಿಯಲ್ಲಿ ಅಧ್ಯಕ್ಷತೆ ಇರಲಿಲ್ಲ, ನಿಜವಾದ ಸಂಕಟ ಇತ್ತು.

"ಇಷ್ಟ್ ವರ್ಷದ್ ಹೆಸ್ರ್ ಕರಿಯಣ್ಣ."

"ಹೆಸ್ರ್ ನಂದಲ್ದಾ?" ಎಂದರು ಅಪ್ಪಯ್ಯ. "ಒಡಿಲಿ."

ಆಮೇಲೆ ಸುಧೀರಣ್ಣನ ಕಡೆ ತಿರುಗಿ, ಹೆಣ್ಣಿನ ಮೈಕಿಗೆ ಮತ್ತೆ ಸ್ವರ ಕೊಡು ಎಂದು ಕೈಸನ್ನೆ ಮಾಡಿದರು. ಸುಧೀರಣ್ಣ ಅಧ್ಯಕ್ಷರ ಮುಖ ನೋಡದೆ ತಿರುಗಣೆ ಏರಿಸಿದರು. ನನ್ನ ಉಸಿರು ಸಭಾಭವನದಲ್ಲಿ ಕೇಳಿತು. ರಾಜೇಂದ್ರಣ್ಣ ವೇದಿಕೆ ಇಳಿಯುವುದನ್ನು ನಾನು ಕಾಯಲಿಲ್ಲ. ಆರೂ ತಂತಿಗೆ ಒಟ್ಟಿಗೆ ಹೊಡೆದೆ.